ಇಂದ್ರಾಣಿ ಡ್ರಿಲ್

ಅಬುಧಾಬಿ
12 ಅಕ್ಟೋಬರ್ 2024

ಶಾಹಿನ,

ವಾಟ್ಸಾಪ್ ಬಿಟ್ಟು ಈಮೇಲ್ ಯಾಕೆ ಅಂತ ಹುಬ್ಬೇರಿಸಬೇಡ. ವಾಟ್ಸಾಪಿನಲ್ಲಾದರೆ ನೀನು ಒಂದು ಹೆಬ್ಬೆಟ್ಟು ತೋರಿಸಿ ಜಾರಿಕೊಳ್ಳುತ್ತೀ. ಮಂಗಳೂರಿನ ಕಾಲೇಜು ತಂಡದಲ್ಲಿ ಶೇಖರ್ ಸರ್ ನಮ್ಮಿಬ್ಬರಿಂದ ಬರೆಸುತ್ತಿದ್ದ ಪತ್ರಗಳು ನೆನಪಿವೆಯಾ? ಕಬಡ್ಡಿಯಲ್ಲಿ ಕೈ ಕೈ ಹಿಡಿದು ನಿಲ್ಲುವ ಜೋಡಿ ಪ್ರತಿ ಪಂದ್ಯದ ಮೇಲೆ ಒಬ್ಬರಿಗೊಬ್ಬರು ಪತ್ರ ಬರೆಯಬೇಕು, ಪಕ್ಕದವಳ ಮೈ ಎಲ್ಲಿ ತಪ್ಪಿತು ಅಂತ ಮುಲಾಜಿಲ್ಲದೆ ಹೇಳಬೇಕು. "ಬಾಯಲ್ಲಿ ಹೇಳಿದ್ರೆ ಜಗಳ ಮಾಡ್ತೀರಿ, ಬರೆದ್ರೆ ಎರಡು ಸಲ ಓದ್ತೀರಿ" ಅನ್ನುತ್ತಿದ್ದರು. ಮೂರು ವರ್ಷ ಬರೆದೆವು. ನೀನು ಬೈದಷ್ಟು ನನ್ನ ಅಮ್ಮನೂ ನನಗೆ ಬೈದಿಲ್ಲ.

ಅದನ್ನೇ ಮತ್ತೆ ಶುರು ಮಾಡೋಣ. ಮಗು ಅಪ್ಪಿಗೆ ವರ್ಷ ತುಂಬಿತು, ನಾನು ಇಲ್ಲಿನ ತಂಡಕ್ಕೆ ವಾಪಸ್ ಬಂದಿದ್ದೇನೆ. ನಾವು ಆಡುವ ಈ ಆಸ್ಟ್ರೇಲಿಯಾದ ಫುಟ್‌ಬಾಲ್ ಏನೆಂದು ಮದುವೆಯಾಗಿ ಇಷ್ಟು ವರ್ಷವಾದರೂ ಶ್ರವಣ್‌ಗೆ ಇನ್ನೂ ಅರ್ಥವಾಗಿಲ್ಲ. ಮೊಟ್ಟೆಯಂಥ ಚೆಂಡು, ಅದನ್ನು ಕೈಯಲ್ಲೇ ಹಿಡಿದು ಓಡಬಹುದು, ಓಡುವವಳನ್ನು ಭುಜದಿಂದ ಕೆಳಗೆ ಮಂಡಿಯಿಂದ ಮೇಲೆ ತಬ್ಬಿ ಕೆಡವಬಹುದು, ಅದಕ್ಕೇ ಟ್ಯಾಕಲ್ ಅನ್ನುವುದು ಅಂತ ವಿವರಿಸಿದರೆ, "ಹಾಗಾದ್ರೆ ಕಬಡ್ಡಿಯೇ ಅಲ್ವಾ ಮಾರಾಯ್ತಿ, ಅದಕ್ಕೆ ಚೆಂಡು ಎಂತಕ್ಕೆ?" ಅನ್ನುತ್ತಾರೆ.

ಏಪ್ರಿಲ್‌ನಲ್ಲಿ ಗಲ್ಫ್ ತಂಡ ಬ್ಯಾಂಕಾಕಿನ ಕೂಟಕ್ಕೆ ಹೋಗುವ ಸುದ್ದಿ ನಿನಗೂ ಬಂದಿರುತ್ತದೆ. ಹಿಂದಿನ ಸಾಲಿನಲ್ಲಿ ಟ್ಯಾಕಲ್ ಮಾಡುವವಳಿಗೆ ಒಂದೇ ಜಾಗ ಖಾಲಿ. ಫೆಬ್ರವರಿ ಕೊನೆಗೆ ಆಯ್ಕೆಯ ಕ್ಯಾಂಪ್. ನನಗೂ ಬೇಕು, ನಿನಗೂ ಬೇಕು, ಇದರಲ್ಲಿ ನಾಟಕ ಯಾಕೆ? ನನಗೆ ಮೂವತ್ತನಾಲ್ಕು, ನಿನಗೆ ಮೂವತ್ತೈದು, ಇನ್ನೊಂದು ಸಲ ನಮ್ಮನ್ನು ಯಾರೂ ಕರೆಯುವುದಿಲ್ಲ. ಇಬ್ಬರೂ ಚೆನ್ನಾಗಿ ಆಡೋಣ, ಯಾರು ಹೋದರೂ ಇನ್ನೊಬ್ಬಳು ಏರ್‌ಪೋರ್ಟಿಗೆ ಬರಬೇಕು.

ಒಂದು ವಿಷಯ ಶ್ರವಣ್‌ಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಹೆರಿಗೆಯಲ್ಲಿ ಬಿಟ್ಟ ಹೊಟ್ಟೆಯ ಸ್ನಾಯು ಇನ್ನೂ ಕೂಡಿಲ್ಲ. ನಡುಗೆರೆಯಲ್ಲಿ ಎರಡೂವರೆ ಬೆರಳಿನಷ್ಟು ಸಂದು ಇದೆ. ಎದ್ದು ಕೂರುವಾಗ ಅಲ್ಲಿ ಗುಡ್ಡದ ಹಾಗೆ ಉಬ್ಬುತ್ತದೆ. ನೀನು ಜಿಮ್ಮಿನಲ್ಲಿ ಹೆಂಗಸರಿಗೆ ಇದನ್ನೇ ಕಲಿಸುತ್ತೀಯಲ್ಲ, ದಾರಿ ಹೇಳು. ಅಭ್ಯಾಸದ ಎರಡು ವಿಡಿಯೋ ಕಳಿಸಿದ್ದೇನೆ.

ಇಂದ್ರಾಣಿ

*

ಅಲ್ ಬರ್ಷಾ, ದುಬೈ
17 ಅಕ್ಟೋಬರ್ 2024

ಇಂದ್ರಾಣಿ,

ವಿಡಿಯೋ ನಾಲ್ಕು ಸಲ ನೋಡಿದೆ. ಬೈಗುಳದಿಂದಲೇ ಶುರು ಮಾಡುತ್ತೇನೆ.

ಒಂಬತ್ತನೇ ನಿಮಿಷದಲ್ಲಿ ನೀನು ಹಾರಿ ಹಿಡಿದದ್ದು ಆ ಹುಡುಗಿಯ ಕಣಕಾಲನ್ನು. ಹದಿನಾಲ್ಕು ವರ್ಷ ಆಯಿತು ಕಬಡ್ಡಿ ಬಿಟ್ಟು, ನಿನ್ನ ಕೈ ಇನ್ನೂ ಮಂಗಳೂರಿನಲ್ಲೇ ಇದೆ. ಇಲ್ಲಿ ಅದು ತಪ್ಪು, ಎದುರಿನವರಿಗೆ ಫ್ರೀ ಕಿಕ್. ತಲೆಯನ್ನು ಓಡುವವಳ ಮುಂದೆ ಇಡುತ್ತೀ, ಒಂದು ದಿನ ಅವಳ ಮಂಡಿ ನಿನ್ನ ಹಲ್ಲನ್ನು ಕಿತ್ತುಕೊಂಡು ಹೋಗುತ್ತದೆ. ತಲೆ ಅವಳ ಬೆನ್ನ ಕಡೆ, ಕೆನ್ನೆ ಅವಳ ಸೊಂಟಕ್ಕೆ ಅಂಟಿರಬೇಕು. ಹತ್ತಿರದ ಕಾಲನ್ನು ಅವಳ ಕಾಲಿನ ಪಕ್ಕಕ್ಕೇ ಊರು. ದೂರದಿಂದ ತೋಳು ಚಾಚುವುದು ಸೋಮಾರಿತನ.

ಹೊಟ್ಟೆಯ ಬಗ್ಗೆ. ಮಲಗಿ ಎದ್ದು ಕೂರುವ ಕಸರತ್ತು ಒಂದನ್ನೂ ಮಾಡಬೇಡ, ಸಂದು ದೊಡ್ಡದಾಗುತ್ತದೆ. ಅಂಗಾತ ಮಲಗಿ ಕೈಕಾಲು ಮೇಲೆತ್ತಿ, ಎದುರುಬದುರಿನ ಒಂದು ಕೈ ಒಂದು ಕಾಲನ್ನು ಉಸಿರು ಬಿಡುತ್ತಾ ನಿಧಾನವಾಗಿ ಇಳಿಸು. ಬೆನ್ನು ನೆಲ ಬಿಡಬಾರದು. ಆಮೇಲೆ ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಪಕ್ಕಕ್ಕೆ ನಿಂತು, ಎರಡೂ ಕೈಯಿಂದ ಎದೆಯ ಮುಂದೆ ಚಾಚಿ ಹಿಡಿ. ಪಟ್ಟಿ ನಿನ್ನನ್ನು ತಿರುಗಿಸಲು ನೋಡುತ್ತದೆ, ನೀನು ತಿರುಗಬಾರದು. ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡ. ಓಡುವವಳನ್ನು ತಬ್ಬಿದಾಗ ಅವಳ ವೇಗ ನಿನ್ನನ್ನು ತಿರುಗಿಸುತ್ತದಲ್ಲ, ಅದನ್ನು ತಡೆಯುವುದು ಕೈಯಲ್ಲಿಲ್ಲ, ನಡುವಿನಲ್ಲಿದೆ.

ನಿನ್ನ ಗುಟ್ಟು ನನ್ನಲ್ಲೇ ಇರುತ್ತದೆ. ಅಪ್ಪಿಗೆ ಮುತ್ತು.

ಶಾಹಿನ

*

ಅಬುಧಾಬಿ
24 ನವೆಂಬರ್ 2024

ಶಾಹಿನ,

ನಿನ್ನೆ ಮೊದಲ ಪಂದ್ಯ. ಕಣಕಾಲಿಗೆ ಒಂದು ಸಲವೂ ಕೈ ಹಾಕಲಿಲ್ಲ, ಬೇಕಿದ್ದರೆ ಎಣಿಸಿಕೋ. ಸೊಂಟಕ್ಕೆ ಹೋಗಿ, ಚೆಂಡಿನ ಜೊತೆ ಎರಡೂ ತೋಳನ್ನು ಸೇರಿಸಿ ತಬ್ಬಿ, ಮೂವರನ್ನು ಮಲಗಿಸಿದೆ. ಮೂರನೆಯವಳು ಬಿದ್ದಾಗ ನಮ್ಮ ಕೋಚ್ ಕುಣಿದಾಡಿಬಿಟ್ಟ. ಶ್ರವಣ್ ಅಪ್ಪಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೋಡು, ನಿನ್ನಮ್ಮ ಜನರನ್ನು ಬೀಳಿಸ್ತಿದ್ದಾಳೆ" ಅಂತ ಹೆಮ್ಮೆಯಿಂದ ತೋರಿಸುತ್ತಿದ್ದರು.

ಆದರೆ ಒಂದು ಅನುಮಾನ. ಹಿಡಿದ ಮೇಲೆ ನಾನು ನಿಲ್ಲುತ್ತಿಲ್ಲ, ಅವಳ ಜೊತೆ ಸುತ್ತುತ್ತಿದ್ದೇನೆ ಅಂತ ಅನ್ನಿಸುತ್ತದೆ. ಆ ಮೂರನೆಯವಳು, ಫಿಲಿಪ್ಪೀನ್ಸಿನ ನರ್ಸ್, ಏಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಆದರೂ ನಕ್ಕಳು. ಇನ್ನೊಂದು: ರಬ್ಬರ್ ಪಟ್ಟಿ ಎಳೆದು ಎಳೆದು ಬೆಡ್‌ರೂಮಿನ ಬಾಗಿಲ ಹಿಡಿಯೇ ಕಿತ್ತುಬಂತು. ಬಾಡಿಗೆ ಮನೆ, ವಾಚ್‌ಮನ್ ಕಣ್ಣು ಕೆಂಪು ಮಾಡಿದ್ದಾನೆ. ಮೂರು ವಾರದಿಂದ ಮಾಡಿಲ್ಲ. ಬೇರೆ ಜಾಗ ಹುಡುಕಿ ಮುಂದುವರಿಸಲಾ, ಇಷ್ಟು ಸಾಕಾ? ವಿಡಿಯೋ ನೋಡಿ ಸರಿಯಾಗಿ ಹೇಳು.

ಇಂದ್ರಾಣಿ

*

ಅಲ್ ಬರ್ಷಾ
9 ಡಿಸೆಂಬರ್ 2024

ಇಂದ್ರಾಣಿ,

ತಡವಾಯಿತು. ರಾಝಿಕ್‌ನ ರಾಸ್ ಅಲ್ ಖೋರ್ ಗ್ಯಾರೇಜಿನಲ್ಲಿ ಇಬ್ಬರು ರಜೆಯಲ್ಲಿ ಹೋದರು, ಫೋನ್ ಹಿಡಿಯಲು ಹೆಂಡತಿ ಅಂತ ನಾನೇ ಕೂರಬೇಕಾಯಿತು.

ವಿಡಿಯೋ ನೋಡಿದೆ. ತುಂಬ ಚೆನ್ನಾಗಿದೆ. ಹಿಡಿತ ಗಟ್ಟಿಯಾಗಿದೆ, ವೇಗ ಬಂದಿದೆ. ಸುತ್ತುವುದು ಅಷ್ಟೇನೂ ಇಲ್ಲ, ನಿನ್ನ ಮನಸ್ಸಿಗೆ ಹಾಗೆ ಕಾಣುತ್ತದೆ. ಆ ನರ್ಸ್‌ಗೆ ಬೀಳುವುದು ಗೊತ್ತಿಲ್ಲ. ರಬ್ಬರ್ ಪಟ್ಟಿ ಬಿಟ್ಟರೂ ತೊಂದರೆ ಇಲ್ಲ, ಪಂದ್ಯ ಆಡುತ್ತಿದ್ದರೆ ಹೊಟ್ಟೆ ತಾನಾಗಿ ಗಟ್ಟಿಯಾಗುತ್ತದೆ.

ಶಾಹಿನ

*

ಅಬುಧಾಬಿ
14 ಜನವರಿ 2025

ಶಾಹಿನ,

ಡಿಸೆಂಬರ್‌ನ ನಿನ್ನ ಪತ್ರವನ್ನು ಶ್ರವಣ್‌ಗೆ ಓದಿ ಹೇಳಿದೆ. ನೀನು ನನಗೆ "ತುಂಬ ಚೆನ್ನಾಗಿದೆ" ಅಂತ ಬರೆದಿರುವುದು ಜೀವಮಾನದಲ್ಲಿ ಇದೇ ಮೊದಲು. ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದ್ದೇನೆ, ನಗಬೇಡ.

ಶನಿವಾರ ನಿಮ್ಮ ಕ್ಲಬ್ಬಿನ ಜೊತೆ ಆಡಿದ್ದು ಮಜವಾಗಿತ್ತು. ಸೋತದ್ದಕ್ಕೆ ಬೇಜಾರಿಲ್ಲ. ಆದರೆ ನಿಮ್ಮ ಹುಡುಗಿಯರಿಗೆ ಯಾರು ಕಲಿಸಿದ್ದು ಮಾರಾಯ್ತಿ? ನಾನು ಕೈ ಹಾಕುವುದೇ ತಡ, ಚೆಂಡು ಬಿಟ್ಟು, ಮುದುಡಿ, ನನ್ನ ಕಡೆಗೇ ಹತ್ತಿಯ ಮೂಟೆಯ ಹಾಗೆ ಉರುಳುತ್ತಾರೆ. ಬೇರೆಯವರು ಹಿಡಿದರೆ ಹಾಗೆ ಬೀಳಲಿಲ್ಲ. ನನ್ನ ಹೆಸರು ಕೇಳಿಯೇ ಹೆದರಿದರು ಅಂತ ಕಾಣುತ್ತದೆ. ಕೊನೆಗೆ ನೀನು ಬಂದು ಅಪ್ಪಿಕೊಂಡೆ, ಕೂಡಲೇ ಕಾರಿನ ಕಡೆ ನಡೆದುಬಿಟ್ಟೆ. ಸುಸ್ತಾಗಿತ್ತಾ? ಕಣ್ಣಿನ ಕೆಳಗೆ ಕಪ್ಪಾಗಿತ್ತು. ಹುಷಾರಾಗಿರು.

ಕ್ಯಾಂಪಿಗೆ ಐದೂವರೆ ವಾರ ಉಳಿದಿದೆ. ಏನಾದರೂ ಬದಲಿಸಬೇಕಿದ್ದರೆ ಈಗಲೇ ಹೇಳು.

ಇಂದ್ರಾಣಿ

*

ಅಲ್ ಬರ್ಷಾ
20 ಜನವರಿ 2025

ಏನೂ ಬದಲಿಸಬೇಡ. ಈಗಿನ ಹಾಗೆಯೇ ಆಡು.

ಶಾಹಿನ

*

ಅಬುಧಾಬಿ
10 ಫೆಬ್ರವರಿ 2025

ಶಾಹಿನ,

ನಿನ್ನೆಯಿಂದ ನಿನ್ನ ಫೋನ್ ಬ್ಯುಸಿ ಬರುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಶನಿವಾರ ಶಾರ್ಜಾದ ಹೊಸ ತಂಡದ ಜೊತೆ ಪಂದ್ಯ. ಅವರಲ್ಲಿ ಪ್ರಾರ್ಥನಾ ಅಂತ ಕಾರ್ಕಳದ ಹುಡುಗಿ, ಇಪ್ಪತ್ತಮೂರು ವರ್ಷ. ಬರ್ ದುಬೈಯಲ್ಲಿ ನಾಲ್ಕಾರು ಜನ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚದ ಬೆಡ್‌ಸ್ಪೇಸ್, ರಾಸ್ ಅಲ್ ಖೋರ್‌ನ ತರಕಾರಿ ಮಂಡಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಆಟ ಶುರುವಾಗುವ ಮೊದಲು ಬಂದು, "ಅಕ್ಕ, ನೀವು ತುಳುವಾ? ಇವತ್ತು ಸ್ವಲ್ಪ ಮೆಲ್ಲ ಹಿಡೀರಿ" ಅಂತ ನಕ್ಕಳು.

ಅವಳು ಚೆಂಡು ಅವುಚಿಕೊಂಡು ಓಡಿ ಬಂದಳು. ನಾನು ಪಕ್ಕದಿಂದ ಹೋಗಿ ಎರಡೂ ತೋಳು ಸೇರಿಸಿ ತಬ್ಬಿದೆ. ನಿಲ್ಲಿಸಲು ಆಗಲಿಲ್ಲ ಶಾಹಿನ. ಹೊಟ್ಟೆಯೊಳಗೆ ಏನೋ ಸಡಿಲಾದಂತಾಯಿತು, ಇಬ್ಬರೂ ಗಿರ್ರನೆ ತಿರುಗಿದೆವು, ಅವಳು ಕೆಳಗೆ ಹೋದಳು. ನೆಲಕ್ಕೆ ಊರಲು ಅವಳ ಕೈ ಬಿಡುವಿರಲಿಲ್ಲ, ಎರಡೂ ನನ್ನ ತೋಳಿನೊಳಗಿದ್ದವು. ತಲೆ ಮೊದಲು ಬಡಿಯಿತು. ಆ ಸದ್ದು ಇನ್ನೂ ಕೇಳುತ್ತಿದೆ.

ಕಣ್ಣು ಬಿಟ್ಟು, "ಅಕ್ಕ, ಇದು ಯಾವ ಊರು?" ಅಂದಳು. ಶಾರ್ಜಾ ಅಂದೆ. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಇನ್ನೂ ಎರಡು ಸಲ ಅದನ್ನೇ ಕೇಳಿದಳು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಂಡಿಲ್ಲ, ಮೆದುಳಿಗೆ ಪೆಟ್ಟಾಗಿದೆ, ವಿಶ್ರಾಂತಿ ಬೇಕು ಅಂದಿದ್ದಾರೆ. ಊರಿನಿಂದ ಅವಳ ಅಮ್ಮ ಫೋನ್ ಮಾಡಿದರು. ಅಪಘಾತ ಅಮ್ಮಾ, ಹಿಡಿತ ಸರಿಯಾಗಿಯೇ ಇತ್ತು ಅಂತ ನಾನೇ ಅವರಿಗೆ ಹೇಳಿದೆ.

ಇಪ್ಪತ್ತನೇ ತಾರೀಕು ಲೀಗಿನ ವಿಚಾರಣೆ. ಅಪಾಯದ ಟ್ಯಾಕಲ್ ಅಂತ ಆರೋಪ. ಸಾಬೀತಾದರೆ ಕ್ಯಾಂಪೂ ಇಲ್ಲ, ಬ್ಯಾಂಕಾಕೂ ಇಲ್ಲ. ನನ್ನ ಎಲ್ಲ ವಿಡಿಯೋ ನೋಡಿದವಳು ನೀನೊಬ್ಬಳೇ. ನನ್ನ ಹಿಡಿತದಲ್ಲಿ ದೋಷವಿರಲಿಲ್ಲ ಅಂತ ಎರಡು ಸಾಲು ಬರೆದುಕೊಡು, ಅಷ್ಟು ಸಾಕು.

ಇಂದ್ರಾಣಿ

*

ಅಲ್ ಬರ್ಷಾ
13 ಫೆಬ್ರವರಿ 2025

ಇಂದ್ರಾಣಿ,

ನಿನ್ನ ಪತ್ರ ಓದಿದೆ. ಆ ಹುಡುಗಿಗಾಗಿ ದುವಾ ಮಾಡುತ್ತಿದ್ದೇನೆ.

ಪತ್ರ ಕೊಡಲು ಆಗುವುದಿಲ್ಲ. ಒಂದೇ ಜಾಗಕ್ಕೆ ನಾವಿಬ್ಬರೂ ನಿಂತಿದ್ದೇವೆ, ನಾನು ಏನು ಬರೆದರೂ ತಪ್ಪು ತಿಳಿಯುತ್ತಾರೆ ಅಂತ ನಮ್ಮ ಕ್ಲಬ್ಬಿನವರು ಹೇಳುತ್ತಾರೆ. ನೀನು ಬೇಕೆಂದು ಮಾಡಿದ್ದಲ್ಲ, ಅದು ಎಲ್ಲರಿಗೂ ಗೊತ್ತು. ಧೈರ್ಯ ಕಳೆದುಕೊಳ್ಳಬೇಡ.

ಶಾಹಿನ

*

ಅಬುಧಾಬಿ
2 ಮಾರ್ಚ್ 2025

ಶಾಹಿನ,

ವಿಚಾರಣೆಯಲ್ಲಿ ಈ ಸೀಸನ್ ಪೂರ್ತಿ ನನ್ನನ್ನು ಹೊರಗಿಟ್ಟರು. ಜಾಗ ನಿನಗೆ ಸಿಕ್ಕಿತು ಅಂತ ಪಟ್ಟಿ ನೋಡಿ ತಿಳಿಯಿತು. ಅಭಿನಂದನೆ ಹೇಳಬೇಕು ಅಂತ ಹೂವಿನ ಅಂಗಡಿಯ ನಂಬರನ್ನೂ ಹುಡುಕಿಟ್ಟಿದ್ದೆ. ಎಂಥ ಪೆದ್ದಿ ನಾನು.

ನಿನ್ನೆ ಪ್ರಾರ್ಥನಾಳನ್ನು ನೋಡಲು ಹೋದಾಗ ನಿಮ್ಮ ತಂಡದ ಡೆಲ್ಫಿನ್ ಬಂದಿದ್ದಳು. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ ಪ್ರಾರ್ಥನಾ ಕತ್ತಲಲ್ಲಿ ಮಲಗಿದ್ದಳು. ಹತ್ತು ನಿಮಿಷ ಫೋನ್ ನೋಡಿದರೆ ವಾಂತಿ ಬರುತ್ತದಂತೆ. ಇನ್ನೂ ಪ್ರೊಬೇಷನ್‌ನಲ್ಲಿ ಇದ್ದವಳು, ಆಫೀಸಿನವರು ಕೆಲಸ ಖಲಾಸ್ ಅಂದುಬಿಟ್ಟಿದ್ದಾರೆ. ಹೊರಗೆ ಲಿಫ್ಟಿನ ಹತ್ತಿರ ಡೆಲ್ಫಿನ್ ಹೇಳಿದಳು: "ಪಾಪ, ಈ ಹುಡುಗಿಗೆ ಯಾರೂ ಹೇಳಿಕೊಡ್ಲಿಲ್ಲ. ನಮಗೆ ಶಾಹಿನ ಡಿಸೆಂಬರಲ್ಲೇ ಕಲಿಸಿದ್ಲು."

ಏನನ್ನು ಅಂತ ಕೇಳಿದೆ.

"ನಿಮಗೆ ಗೊತ್ತಿಲ್ವಾ? ಅದಕ್ಕೆ ನಾವು ಇಂದ್ರಾಣಿ ಡ್ರಿಲ್ ಅಂತಲೇ ಹೇಳುದು. ಇಂದ್ರಾಣಿ ಹಿಡಿದ್ರೆ ಚೆಂಡು ಬಿಡಿ, ಗದ್ದ ಎದೆಗೆ ಒತ್ತಿ, ಅವಳ ಕಡೆಗೇ ಉರುಳಿ. ಅವಳ ನಡು ನಿಲ್ಲುದಿಲ್ಲ, ಅವಳು ನಿಮ್ಮನ್ನು ಬೀಸಿ ಒಗೀತಾಳೆ, ತಲೆ ಜಾಗ್ರತೆ ಅಂತ. ವಾರಕ್ಕೆ ಎರಡು ಸಲ ಮಾಡಿಸಿದ್ಲು."

ನಾನು ಮೆಟ್ಟಿಲಿಳಿದು ಹೋದೆ. ಹನ್ನೊಂದು ಮಹಡಿ.

ಮನೆಗೆ ಬಂದು ಡಿಸೆಂಬರ್ ಒಂಬತ್ತರ ನಿನ್ನ ಪತ್ರ ತೆಗೆದು ಓದಿದೆ. ನನಗೆ ಸುತ್ತುವುದು ಅಷ್ಟೇನೂ ಇಲ್ಲ ಅಂದೆ, ಪಟ್ಟಿ ಬಿಟ್ಟರೂ ತೊಂದರೆ ಇಲ್ಲ ಅಂದೆ. ಅದೇ ತಿಂಗಳು ನಿನ್ನವರಿಗೆ ತಲೆ ಉಳಿಸಿಕೊಳ್ಳುವುದನ್ನು ಕಲಿಸಿದೆ. ನಿನ್ನ ಹದಿನೆಂಟು ಜನರ ತಲೆ ತಲೆ, ಶಾರ್ಜಾದ ಹುಡುಗಿಯ ತಲೆ ಏನು, ತೆಂಗಿನಕಾಯಿಯಾ? ನನ್ನ ಹೊಟ್ಟೆಯ ಸಂದಿನ ಮಾತು ನಿನ್ನಲ್ಲೇ ಇರುತ್ತದೆ ಅಂದಿದ್ದೆ. ಅದನ್ನು ಬಿಟ್ಟುಕೊಡದೆಯೇ ಅದರಿಂದ ಏನೆಲ್ಲ ಮಾಡಿದೆ!

ನೀನು ನನಗೆ ಕಪಾಳಕ್ಕೆ ಹೊಡೆದಿದ್ದರೂ ಒರೆಸಿಕೊಂಡು ಬರುತ್ತಿದ್ದೆ. ನೀನು ನನ್ನನ್ನು ಹೊಗಳಿದೆ. ಆ ಹೊಗಳಿಕೆಯನ್ನು ನಾನು ಅಡುಗೆ ಮನೆಯಲ್ಲಿ ಅಂಟಿಸಿಕೊಂಡು ದಿನಾ ಹಾಲು ತೆಗೆಯುವಾಗ ಓದಿದೆ. ಪ್ರಾರ್ಥನಾಳ ಅಮ್ಮನಿಗೆ ನಾನು ಹೇಳಿದ್ದು ಸುಳ್ಳಾಯಿತು. ಅದು ನಿನ್ನ ಸುಳ್ಳು, ನನ್ನ ಬಾಯಲ್ಲಿ ಹೇಳಿಸಿದೆ.

ಒಂದು ಸಲ ಬರೆ. ಗೊತ್ತಿತ್ತಾ, ಇಲ್ಲವಾ?

ಇಂದ್ರಾಣಿ

*

ಅಲ್ ಬರ್ಷಾ
11 ಮಾರ್ಚ್ 2025

ಇಂದ್ರಾಣಿ,

ಗೊತ್ತಿತ್ತು.

ಒಂಬತ್ತು ದಿನ ಬೇರೆ ಬೇರೆ ರೀತಿ ಬರೆದು ಅಳಿಸಿದೆ. ಉಪವಾಸ ಹಿಡಿದು ಕೂತು ಸುಳ್ಳು ಬರೆಯಲು ಆಗಲಿಲ್ಲ. ನವೆಂಬರ್‌ನ ವಿಡಿಯೋ ನೋಡಿದ ಕೂಡಲೇ ಗೊತ್ತಾಯಿತು. ನಡು ನಿಲ್ಲದ್ದಕ್ಕೆ ನೀನು ತೋಳಿನಿಂದ ಬೀಸುತ್ತಿದ್ದೆ. ಒಂದು ತೋಳನ್ನಾದರೂ ಬಿಡು, ಪಟ್ಟಿಯನ್ನು ಯಾವುದಾದರೂ ಕಂಬಕ್ಕೆ ಕಟ್ಟಿ ಮುಂದುವರಿಸು, ಒಂದು ತಿಂಗಳು ಪಂದ್ಯ ಆಡಬೇಡ ಅಂತ ಅವತ್ತೇ ಬರೆದಿದ್ದೆ. ಆ ಪತ್ರ ಇನ್ನೂ ಡ್ರಾಫ್ಟಿನಲ್ಲಿದೆ. ಕಳಿಸಲಿಲ್ಲ.

ಯಾಕೆ ಅಂದರೆ, ಕಳಿಸಿದರೆ ನೀನು ಸರಿಪಡಿಸಿಕೊಳ್ಳುತ್ತಿದ್ದೆ. ನಿನಗೆ ಹೇಳಿದರೆ ಸಾಕು, ತಿಂಗಳಲ್ಲಿ ಸರಿ ಮಾಡಿಕೊಳ್ಳುತ್ತೀ. ಯೂನಿವರ್ಸಿಟಿ ತಂಡದ ಆಯ್ಕೆಯ ವರ್ಷ ನಿನ್ನ ಬಲಗಾಲು ಮೊದಲೇ ಎದ್ದುಬಿಡುತ್ತದೆ ಅಂತ ನಾನು ಬರೆದೆ. ನೀನು ತಿದ್ದಿಕೊಂಡೆ, ನಿನ್ನನ್ನು ಆರಿಸಿದರು, ನನ್ನನ್ನು ಬಿಟ್ಟರು. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಬಂದು ನಿನ್ನ ಚೀಲವನ್ನು ಬಸ್ಸಿನೊಳಗೆ ಇಟ್ಟವಳು ನಾನು. ಆಮೇಲೆ ನನ್ನ ಮದುವೆಯಾಯಿತು, ಆಟ ಮುಗಿಯಿತು. ಅದನ್ನು ಮರೆತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಇನ್ನೊಂದು ಸಲ ಚೀಲ ಎತ್ತಿಕೊಡಲು ನನ್ನಿಂದ ಆಗಲಿಲ್ಲ.

ನೀನು ಕ್ಯಾಂಪಿನಲ್ಲಿ ಎರಡು ಫ್ರೀ ಕಿಕ್ ಬಿಟ್ಟುಕೊಟ್ಟರೆ ಸಾಕು ಅಂದುಕೊಂಡಿದ್ದೆ, ಅಷ್ಟೇ. ನಮ್ಮವರಿಗೆ ಹೇಳಿಕೊಟ್ಟದ್ದು ಯಾರಿಗೂ ಪೆಟ್ಟಾಗಬಾರದು ಅಂತ. ಶಾರ್ಜಾ ತಂಡ ನನ್ನ ತಲೆಗೇ ಬರಲಿಲ್ಲ. ಬರಲಿಲ್ಲ ಅಂತ ಬರೆದೆ, ಅದೂ ಪೂರ್ತಿ ನಿಜವಲ್ಲ. ಒಂದು ಸಲ ಬಂದಿತ್ತು.

ತಂಡದಿಂದ ಹೆಸರು ಹಿಂತೆಗೆಯಲಾ ಅಂತ ರಾಝಿಕ್ ಹತ್ತಿರ ಕೇಳಿದೆ. "ತೆಗೆದ್ರೆ ಆ ಹುಡುಗಿ ಎದ್ದು ಕೂರ್ತಾಳಾ?" ಅಂದರು. ಅದನ್ನೇ ನೆಪ ಮಾಡಿಕೊಂಡು ತೆಗೆಯಲಿಲ್ಲ.

ಶಾಹಿನ

*

ಅಲ್ ಬರ್ಷಾ
29 ಮಾರ್ಚ್ 2025

ಇಂದ್ರಾಣಿ,

ಚಂದ್ರ ಕಂಡಿದೆ, ನಾಳೆ ಹಬ್ಬ. ಪ್ರತಿ ವರ್ಷ ನೀವು ಬರುತ್ತಿದ್ದಿರಿ. ಈ ಸಲ ಬರುವುದಿಲ್ಲ ಅಂತ ಗೊತ್ತಿದ್ದೂ ನಿಮ್ಮ ಪಾಲಿನ ಅಕ್ಕಿಯನ್ನೂ ನೆನೆಸಿದ್ದೇನೆ. ಬೈದಾದರೂ ಒಂದು ಸಾಲು ಬರೆ.

ಶಾಹಿನ

*

ಅಬುಧಾಬಿ
17 ಏಪ್ರಿಲ್ 2025

ಶಾಹಿನ,

ಹಬ್ಬದ ಪತ್ರಕ್ಕೆ ಇದು ಉತ್ತರವಲ್ಲ.

ಪ್ರಾರ್ಥನಾ ಕಳೆದ ಶುಕ್ರವಾರ ಊರಿಗೆ ಹೋದಳು. ಏರ್‌ಪೋರ್ಟಿನ ಬೆಳಕಿಗೆ ತಲೆ ಸಿಡಿಯುತ್ತದೆ ಅಂತ ನನ್ನ ಕರಿ ಕನ್ನಡಕ ಹಾಕಿಕೊಂಡು, ನನ್ನ ಕೈ ಹಿಡಿದು ನಡೆದಳು. ಹೋಗುವಾಗ, "ಅಕ್ಕ, ಹಿಡಿತದಲ್ಲಿ ತಪ್ಪಿದೆ ಅಂತ ನಿಮಗೆ ಗೊತ್ತಿರ್ಲಿಲ್ಲ ಅಲ್ವಾ?" ಅಂತ ಕೇಳಿದಳು. ಇಲ್ಲ ಅಂದೆ. ಆದರೂ ಬೇರೆ ಯಾರಿಗೆ ಗೊತ್ತಿತ್ತು ಅಂತ ಹೇಳಲು ನಾಲಿಗೆ ಏಳಲಿಲ್ಲ. ನಿನ್ನನ್ನು ಕಾಪಾಡಲು ಸುಮ್ಮನಿದ್ದೆ ಅಂದುಕೊಳ್ಳಬೇಡ. ಹದಿನೇಳು ವರ್ಷದ ನನ್ನ ಗೆಳತಿ ಇಂಥವಳು ಅಂತ ಹೇಳಿಕೊಳ್ಳಲು ನಾಚಿಕೆಯಾಯಿತು.

ಬ್ಯಾಂಕಾಕಿನ ಪಂದ್ಯ ನೋಡಬಾರದು ಅಂತ ತೀರ್ಮಾನ ಮಾಡಿದ್ದೆ. ನಿನ್ನೆ ಅಪ್ಪಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡು ಸಲ ನೋಡಿದೆ. ನೀನು ಟ್ಯಾಕಲ್‌ಗೆ ನುಗ್ಗುವಾಗ ಎಡ ಮಂಡಿ ಒಳಕ್ಕೆ ಕುಸಿಯುತ್ತಿದೆ. ಮೊದಲ ಅರ್ಧದಲ್ಲಿ ಎರಡು ಸಲ, ಕೊನೆಯ ಹೊತ್ತಿಗೆ ಪ್ರತಿ ಸಲ. ಎದ್ದ ಮೇಲೆ ಯಾರಿಗೂ ಕಾಣದ ಹಾಗೆ ಮಂಡಿಯ ಒಳಬದಿಯನ್ನು ಒತ್ತಿಕೊಳ್ಳುತ್ತೀ. ನೋವಿದೆ, ನೀನು ಯಾರಿಗೂ ಹೇಳಿಲ್ಲ. ಹೀಗೇ ಶನಿವಾರದ ಸೆಮಿಫೈನಲ್ ಆಡಿದರೆ ಮಂಡಿಯ ಕಟ್ಟು ಹರಿಯುತ್ತದೆ. ನಿನ್ನ ಜಿಮ್ಮಿನ ಕೆಲಸವೂ ಅದರ ಜೊತೆ ಹೋಗುತ್ತದೆ.

ಇದನ್ನು ಬರೆಯದೆ ಬಿಡಬಹುದಿತ್ತು. ಲ್ಯಾಪ್‌ಟಾಪ್ ಮುಚ್ಚಿ ಒಂದು ಗಂಟೆ ಬಿಟ್ಟೂ ನೋಡಿದೆ. ಅಪ್ಪಿಗೆ ಊಟ ಮಾಡಿಸಿದೆ, ಬಟ್ಟೆ ಮಡಚಿದೆ. ಏನೂ ಮಾಡದೆ ಇರುವುದು ಎಷ್ಟು ಸುಲಭ ಅಂತ ಆಗ ಗೊತ್ತಾಯಿತು. ನೀನು ಹಾಗೆ ತಿಂಗಳುಗಟ್ಟಲೆ ಇದ್ದೆ. ನನಗೆ ಒಂದು ಗಂಟೆಯೇ ಹೆಚ್ಚಾಯಿತು.

ಈ ಮಂಡಿಯ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದು, ವಿಡಿಯೋದ ನಿಮಿಷಗಳನ್ನೂ ಹಾಕಿ, ನಿಮ್ಮ ಕೋಚ್‌ಗೂ ತಂಡದ ಫಿಸಿಯೋಗೂ ಆಗಲೇ ಕಳಿಸಿದ್ದೇನೆ. ಶನಿವಾರ ನಿನ್ನನ್ನು ಹೊರಗೆ ಕೂರಿಸುತ್ತಾರೆ. ನಿನಗೊಬ್ಬಳಿಗೇ ಬರೆದಿದ್ದರೆ ನೀನು ಮುಚ್ಚಿಟ್ಟು ಆಡುತ್ತಿದ್ದೆ. ನಿನ್ನ ಮಾತನ್ನು ನಂಬಿ ಸುಮ್ಮನಿರುವುದು ಇನ್ನು ನನ್ನಿಂದಾಗದು.

ಇದು ಸೇಡು ಅಂತ ನಿನಗೆ ಅನ್ನಿಸುತ್ತದೆ. ಅಲ್ಲ ಅಂತ ಎದೆ ಮುಟ್ಟಿ ಹೇಳಲು ನನಗೂ ಆಗುತ್ತಿಲ್ಲ. ಮೊದಲಾಗಿದ್ದರೆ ಹೀಗೆ ಬರೆದದ್ದಕ್ಕೆ ಬರೀ ಪ್ರೀತಿ ಅಂತ ಹೆಸರಿಡುತ್ತಿದ್ದೆ. ಅಷ್ಟನ್ನೂ ನೀನು ನನ್ನಿಂದ ಕಿತ್ತುಕೊಂಡೆ.

ಇನ್ನು ಮುಂದೆ ನಿನ್ನ ಆಟ ನಾನು ನೋಡುವುದಿಲ್ಲ. ಮಂಡಿಗೆ ಐಸ್ ಇಡು.

ಇಂದ್ರಾಣಿ